ಸೇಂಟ್ ಆನ್ಸ್ ತೋಟಗಳು, ನಾಟಿಂಗ್‌ಹ್ಯಾಮ್: ನೋಡಲಿಕ್ಕಲ್ಲ, ದುಡಿಯಲಿಕ್ಕೆ ಹೋಗಿ

ನಾಟಿಂಗ್‌ಹ್ಯಾಮ್‌ಗೆ ಬಂದವರು ಕೋಟೆ, ರಾಬಿನ್ ಹುಡ್ ಪ್ರತಿಮೆ, ಓಲ್ಡ್ ಮಾರ್ಕೆಟ್ ಚೌಕ ನೋಡಿ ಹೊರಟುಬಿಡುತ್ತಾರೆ. ಆ ಚೌಕದಿಂದ ಸುಮಾರು 2 ಕಿಲೋಮೀಟರ್ ಈಶಾನ್ಯಕ್ಕೆ, ಇಳಿಜಾರು ಗುಡ್ಡಗಳ ಮೇಲೆ 75 ಎಕರೆ ಹರಡಿಕೊಂಡಿರುವ ಸೇಂಟ್ ಆನ್ಸ್ ಅಲಾಟ್‌ಮೆಂಟ್‌ಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬೀಳುವ ಹಾಗೆ ಅವು ಇಲ್ಲ ಕೂಡ. ಸುಮಾರು 670 ತೋಟಗಳು, ಒಂದೊಂದಕ್ಕೂ ಸುತ್ತ ಹಸಿರು ಬೇಲಿ, ಬೇಲಿಗೊಂದು ಬೀಗ ಹಾಕಿದ ಬಾಗಿಲು. ನಡುವಿನ ಓಣಿಯಲ್ಲಿ ನಡೆದರೆ ಎರಡೂ ಕಡೆ ಎಲೆಯ ಗೋಡೆ, ಮೇಲೆ ಆಕಾಶ. ಟಿಕೆಟ್ ತೆಗೆದುಕೊಂಡು ಹೂ ನೋಡಿ ಬರುವ ಉದ್ಯಾನ ಎಂದುಕೊಂಡು ಹೋದವರಿಗೆ ಅರ್ಧ ಗಂಟೆಯಲ್ಲಿ ಬೇಸರ ಬರುತ್ತದೆ. ಕೈಗವಸು ಹಾಕಿಕೊಂಡು ಸ್ವಯಂಸೇವಕರಾಗಿ ಒಳಗೆ ಹೋದವರಿಗೆ ಮಾತ್ರ ಆ ಬಾಗಿಲುಗಳ ಹಿಂದೆ ಏನಿದೆ ಎಂದು ಗೊತ್ತಾಗುತ್ತದೆ. ಮಣ್ಣಿನ ಕೆಲಸ, ಹಳೆಯ ಕಟ್ಟಡ, ಹಣ್ಣಿನ ಮರ ಈ ಮೂರರಲ್ಲಿ ಯಾವುದರ ಮೇಲಾದರೂ ಪ್ರೀತಿ ಇರುವವರಿಗೆ ಇಂಗ್ಲೆಂಡಿನಲ್ಲಿ ಇಷ್ಟು ಕಲಿಸುವ ಜಾಗಗಳು ಕಡಿಮೆ.

ಅಲಾಟ್‌ಮೆಂಟ್ ಎಂದರೆ ಮನೆ ಹಿಂದಿನ ಕೈತೋಟವಲ್ಲ. ಊರಿನ ಆಡಳಿತ ಸಣ್ಣ ಸಣ್ಣ ತುಂಡು ಮಾಡಿ ಬಾಡಿಗೆಗೆ ಕೊಡುವ ಜಮೀನು ಅದು. ಬ್ರಿಟನ್ನಿನ ಸಾಮಾನ್ಯ ಅಲಾಟ್‌ಮೆಂಟ್ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ಬಯಲಿನಲ್ಲಿ ಸಾಲಾಗಿ ಪಾತಿಗಳು, ನಡುವೆ ಬೇಲಿ ಇರುವುದಿಲ್ಲ. ಸೇಂಟ್ ಆನ್ಸ್ ಆ ಪದ್ಧತಿಗಿಂತ ಹಳೆಯದು. ಗೋಮಾಳ ಹಂಚಿಕೊಡುವ 1845ರ ಕಾಯಿದೆ ಬರುವವರೆಗೂ ನಾಟಿಂಗ್‌ಹ್ಯಾಮ್ ಸುತ್ತಲಿನ ಗೋಮಾಳಗಳ ನಡುವೆ ಸಿಕ್ಕಿಕೊಂಡಿತ್ತು. ಮೇಯಿಸುವ ಹಕ್ಕಿದ್ದವರು ಭೂಮಿ ಬಿಟ್ಟುಕೊಡಲಿಲ್ಲ, ಊರು ಹೊರಗೆ ಬೆಳೆಯಲಾಗದೆ ಒಳಗೊಳಗೇ ಇಕ್ಕಟ್ಟಾಯಿತು. ಅಂಗಳವಿಲ್ಲದ ಮನೆಗಳ ವರ್ತಕರು ಊರಾಚೆಯ ಹಂಗರ್‌ಹಿಲ್ ಗುಡ್ಡದಲ್ಲಿ ತೋಟ ಹಿಡಿದು, ಬೇಲಿ ನೆಟ್ಟು, ಇಟ್ಟಿಗೆಯ ಪುಟ್ಟ ಬೇಸಿಗೆಮನೆ ಕಟ್ಟಿಕೊಂಡರು. ಅದರಲ್ಲಿ ಬೆಂಕಿಗೂಡು ಕೂಡ ಇರುತ್ತಿತ್ತು. ಆಮೇಲೆ ಲೇಸ್ ಮತ್ತು ಹೆಣಿಗೆಯ ಕಾರ್ಖಾನೆಗಳ ಕಾರ್ಮಿಕರು ಬಂದರು, ಇಪ್ಪತ್ತನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳು ಬಂದವು. ಹಂಗರ್‌ಹಿಲ್, ಸ್ಟೋನ್‌ಪಿಟ್ ಕಾಪಿಸ್, ಗಾರ್ಸಿ ಕ್ಲೋಸ್ ಎಂಬ ಮೂರು ತೋಟಸಮೂಹಗಳು ಸೇರಿ ಇಂದಿನ ಸೇಂಟ್ ಆನ್ಸ್. ಐತಿಹಾಸಿಕ ಉದ್ಯಾನಗಳ ಪಟ್ಟಿಯಲ್ಲಿ ಇದಕ್ಕೆ ಎರಡನೇ ದರ್ಜೆಯ ತಾರಾಂಕಿತ ಸ್ಥಾನವಿದೆ. 1960ರ ದಶಕದ ಕೊನೆಯಿಂದ ಸೇಂಟ್ ಆನ್ಸ್ ಬಡಾವಣೆಯ ಹಳೆಯ ಮನೆಗಳನ್ನು ಸಾಲುಸಾಲಾಗಿ ಕೆಡವಿದಾಗಲೂ ತೋಟಗಳು ಉಳಿದುಕೊಂಡವು. ಆ ಬಡಾವಣೆಯ ಹಳೆಯ ಬದುಕಿನ ದೊಡ್ಡ ಕುರುಹು ಈಗ ಇದೇ.

ಒಳಗೆ ಹೋಗುವುದು ಹೇಗೆ ಎಂದರೆ, ಮೊದಲೇ ಕೇಳಿಕೊಂಡು. ತೋಟಗಳನ್ನು ನೋಡಿಕೊಳ್ಳುವ ಸಂಘಕ್ಕೆ ಬರೆದು, ಯಾವ ದಿನ ಕೆಲಸದ ಗುಂಪು ಸೇರುತ್ತದೆ, ಯಾವ ಬಾಗಿಲಿಗೆ ಬರಬೇಕು ಎಂದು ತಿಳಿದುಕೊಂಡೇ ಹೊರಡಿ. ಮೂರು ತೋಟಸಮೂಹಗಳಿಗೂ ಬೇರೆ ಬೇರೆ ದಾರಿ. ಬೇಲಿಗಳ ನಡುವೆ ದಿಕ್ಕು ತಪ್ಪುವುದು ಬಹಳ ಸುಲಭ. ಮೊಣಕಾಲು ನೋವಿರುವವರು ಇಳಿಜಾರಿನ ಬಗ್ಗೆ ಮುಂಚೆಯೇ ಹೇಳಿದರೆ ಸಮತಟ್ಟಾದ ಕಡೆ ಕೆಲಸ ಕೇಳಿ ಪಡೆಯಬಹುದು. ಗಾಲಿಕುರ್ಚಿ ಎಲ್ಲ ಓಣಿಗೂ ಹೋಗುತ್ತದೆ ಎಂದು ನಂಬಿಕೊಂಡು ಮಾತ್ರ ಬರಬೇಡಿ.

ಈಗ ಬೇಲಿಯ ವಿಷಯ. ಈ ಜಾಗದ ಜೀವವೇ ಅದು. ಬೇಲಿ ಎದ್ದು ಹೊಲ ಮೇಯುವುದು ನಮ್ಮಲ್ಲಿ ಬರೀ ಮಾತು, ಇಲ್ಲಿ ಕಣ್ಣೆದುರು ನಡೆಯುತ್ತದೆ. ಹಾಥಾರ್ನ್ ಎಂಬ ಮುಳ್ಳುಗಿಡ, ಪ್ರಿವೆಟ್ ಎಂಬ ಸಣ್ಣೆಲೆಯ ಗಿಡ, ಇವೆರಡೇ ಹೆಚ್ಚು. ಹಾಥಾರ್ನನ್ನು ಐದಾರು ವರ್ಷ ಕತ್ತರಿಸದೆ ಬಿಟ್ಟರೆ ಮರವಾಗಿ ನಿಲ್ಲುತ್ತದೆ. ಮೇಲಿನ ಕೊಂಬೆ ತೋಟದೊಳಕ್ಕೆ ಎರಡು ಮೀಟರ್ ಚಾಚಿಕೊಂಡು ಬಿಸಿಲು ನುಂಗುತ್ತದೆ, ಬುಡ ಮಾತ್ರ ಬೋಳಾಗಿ ನಾಯಿ ನುಗ್ಗುವಷ್ಟು ತೂತಾಗುತ್ತದೆ. ಆಗ ಬೇಲಿಯೂ ಇಲ್ಲ, ತೋಟವೂ ಇಲ್ಲ.

ಅದಕ್ಕೆ ಮದ್ದು ಬೇಲಿ ಮಲಗಿಸುವುದು, ಅಂದರೆ ಕಾಂಡಗಳನ್ನು ಬುಡದಲ್ಲಿ ಪೂರ್ತಿ ತುಂಡಾಗದಂತೆ ಕಡಿದು ಓರೆಯಾಗಿ ಬಾಗಿಸುವುದು. ಸೆಪ್ಟೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಬೇಕು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ, ಬಳಕೆಯಲ್ಲಿರುವ ಗೂಡಿಗೆ ಕೈಹಾಕುವುದು 1981ರ ವನ್ಯಜೀವಿ ಕಾಯಿದೆಯಡಿ ಅಪರಾಧ. ಮೊದಲು ಒಣಕಡ್ಡಿ, ಬ್ರಾಂಬಲ್ ಎಂಬ ಮುಳ್ಳುಬಳ್ಳಿ ಎಲ್ಲ ಎಳೆದುಹಾಕಿ ಕಾಂಡಗಳು ಕಾಣುವಂತೆ ಮಾಡಿಕೊಳ್ಳಬೇಕು. 3ರಿಂದ 10 ಸೆಂಟಿಮೀಟರ್ ದಪ್ಪದ, 2.5 ಮೀಟರ್‌ಗಿಂತ ಎತ್ತರದ ಕಾಂಡಗಳು ಮಲಗಿಸಲು ಹದವಾದವು. ನೆಲಕ್ಕೆ ಆದಷ್ಟು ಹತ್ತಿರ, ಮಚ್ಚಿನಿಂದ ಓರೆಯಾಗಿ, ಮೇಲಿನಿಂದ ಕೆಳಕ್ಕೆ ಕಡಿಯಬೇಕು. ಕಡಿತದ ಉದ್ದ ಕಾಂಡದ ದಪ್ಪದ ಮೂರು ನಾಲ್ಕು ಪಟ್ಟು ಇರಲಿ. ಕೊನೆಗೆ ತೊಗಟೆ ಮತ್ತು ಅದಕ್ಕಂಟಿದ ತೆಳ್ಳನೆಯ ಹಸಿಮರ ಮಾತ್ರ ನಾಲಿಗೆಯಂತೆ ಉಳಿದಾಗ ಕಾಂಡ ತಾನಾಗಿ ಬಾಗುತ್ತದೆ. ಇಳಿಜಾರಿನಲ್ಲಿ ಯಾವಾಗಲೂ ಏರಿನ ಕಡೆಗೇ ಮಲಗಿಸಬೇಕು; ಸೇಂಟ್ ಆನ್ಸ್ ಗುಡ್ಡದಲ್ಲಿ ಈ ನಿಯಮ ಮರೆಯುವಂತಿಲ್ಲ. ಬುಡದಲ್ಲಿ ಉಳಿದ ಮೋಟನ್ನು ನೀರು ಜಾರುವಂತೆ ಓರೆಯಾಗಿ ಸವರಿಬಿಡಿ, ಹೊಸ ಚಿಗುರು ಬರುವುದೇ ಅಲ್ಲಿಂದ. ಆಮೇಲೆ 45 ಸೆಂಟಿಮೀಟರ್‌ಗೆ ಒಂದರಂತೆ ಗೂಟ ಹೊಡೆದು, ಮೇಲಂಚಿಗೆ ಹೇಝಲ್ ಅಥವಾ ವಿಲೋ ಕೋಲುಗಳನ್ನು ಬುಟ್ಟಿ ಹೆಣೆದಂತೆ ಹೆಣೆಯುವುದು.

ತಪ್ಪಾಗುವುದು ಬಹುಮಟ್ಟಿಗೆ ನಾಲಿಗೆಯಲ್ಲಿ. ದಪ್ಪ ಬಿಟ್ಟರೆ ಬಾಗಿಸುವಾಗ ಸೀಳಿಕೊಂಡು ಹೋಗುತ್ತದೆ, ತೀರಾ ತೆಳ್ಳಗಾದರೆ ಗಾಳಿಗೇ ಮುರಿಯುತ್ತದೆ ಇಲ್ಲವೇ ಒಣಗುತ್ತದೆ. ನೆಲ ಹೆಪ್ಪುಗಟ್ಟಿದ ದಿನ ಈ ಕೆಲಸ ಬೇಡವೇ ಬೇಡ, ಮರ ಗಾಜಿನಂತೆ ಪೆಡಸಾಗಿರುತ್ತದೆ. ಹೊಸಬರು ಸೊಂಟ ಬಗ್ಗಿಸಲು ಕಷ್ಟವೆಂದು ಮೊಣಕಾಲೆತ್ತರಕ್ಕೆ ಕಡಿಯುತ್ತಾರೆ. ಅಲ್ಲಿಂದ ಕೆಳಗೆ ಮತ್ತೆ ತೂತೇ ಉಳಿಯುತ್ತದೆ. ಪಳಗಿದ ಒಬ್ಬರು ದಿನಕ್ಕೆ 20 ಮೀಟರ್ ಆಸುಪಾಸು ಮಲಗಿಸಿದರೆ, ಮೊದಲ ಸಲ ಬಂದ ಜೋಡಿಗೆ ನಾಲ್ಕೈದು ಮೀಟರ್ ಮುಗಿದರೆ ದೊಡ್ಡದು. 20 ಮೀಟರ್ ಅಗಲ, 25 ಮೀಟರ್ ಉದ್ದದ ಒಂದು ತೋಟಕ್ಕೆ 90 ಮೀಟರ್ ಸುತ್ತಳತೆ. ಇಂಥವು 670. ಸ್ವಯಂಸೇವಕರು ಯಾಕೆ ಬೇಕು ಎಂಬುದಕ್ಕೆ ಈ ಲೆಕ್ಕವೇ ಸಾಕು.

ಬೇಲಿಯ ಗಿಡ ಪೂರ್ತಿ ಸತ್ತುಹೋಗಿರುವ ಕಡೆ ಹೊಸದು ನೆಡಬೇಕಾಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮಣ್ಣಿಲ್ಲದ ಬೇರಿನ ಎಳೆಗಿಡಗಳನ್ನು ಎರಡು ಸಾಲಿನಲ್ಲಿ ಓರೆಕೋರೆಯಾಗಿ, ಮೀಟರ್‌ಗೆ 5ರಂತೆ ನೆಡುವುದು ವಾಡಿಕೆ. ಗಿಡ ತಂದ ಕೂಡಲೇ ಬೇರನ್ನು ಒದ್ದೆ ಗೋಣಿಯಲ್ಲಿ ಸುತ್ತಿಡದೆ ಚಹಾ ಕುಡಿಯುತ್ತ ಕೂತರೆ, ಬಿಸಿಲಿಲ್ಲದ ದಿನವೂ ಗಾಳಿಗೆ ಸಣ್ಣಬೇರು ಸಾಯುತ್ತದೆ. ಏಪ್ರಿಲ್‌ನಲ್ಲಿ ಚಿಗುರದ ಗಿಡಗಳನ್ನು ಕಿತ್ತು ನೋಡಿದರೆ ಹೆಚ್ಚಿನವುಗಳ ಕಥೆ ಇದೇ.

ಇಟ್ಟಿಗೆಯ ಬೇಸಿಗೆಮನೆಗಳ ಕೆಲಸ ಎಲ್ಲರ ಕೈಗೆ ಸಿಗುವುದಿಲ್ಲ, ಸಿಗಲೂಬಾರದು. ಕೆಲವು ಕಟ್ಟಡಗಳು ತಮ್ಮಷ್ಟಕ್ಕೇ ಸಂರಕ್ಷಿತ ಪಟ್ಟಿಯಲ್ಲಿವೆ, ಅವುಗಳ ಸ್ವರೂಪ ಬದಲಿಸುವ ದುರಸ್ತಿಗೆ ಆಡಳಿತದ ಒಪ್ಪಿಗೆ ಬೇಕು. ಆದರೆ ನಮ್ಮ ಊರುಗಳಲ್ಲಿ ಸುಣ್ಣದ ಗಾರೆಯ ಹಳೆಮನೆ ಕಂಡವರಿಗೆ ಇಲ್ಲಿನ ತರ್ಕ ಥಟ್ಟನೆ ಹೊಳೆಯುತ್ತದೆ. ಹಳೆಯ ಇಟ್ಟಿಗೆ ಮೆತ್ತಗೆ, ನೀರು ಕುಡಿಯುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಇಟ್ಟಿಗೆಯಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು. ಹಳೆಯ ಗಾರೆಯನ್ನು ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಕೈಯುಳಿಯಿಂದ ಕೆದಕಿ, ಧೂಳು ತೆಗೆದು, ಇಟ್ಟಿಗೆಗೆ ನೀರು ಚಿಮುಕಿಸಿ ತುಂಬುವುದು. ಒದ್ದೆ ಗೋಣಿ ಹೊದಿಸಿ ಕೆಲವು ದಿನ ತೇವ ಕಾಯಬೇಕು. ಉಷ್ಣಾಂಶ 5 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಲ್ಲಿ ಮಾಡಿದ ಗಾರೆ ವಸಂತದಲ್ಲಿ ಪುಡಿಯಾಗಿ ಬೀಳುತ್ತದೆ, ಆದ್ದರಿಂದ ಇದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕೆಲಸ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ರಕ್ಷಣಾ ಕನ್ನಡಕ ಕಡ್ಡಾಯ.

ಹಣ್ಣಿನ ಮರಗಳಿಗೆ ಬಂದರೆ, ಈ ಜಿಲ್ಲೆ ಬ್ರಾಮ್ಲಿ ಸೇಬಿನ ತವರು. ನಾಟಿಂಗ್‌ಹ್ಯಾಮ್‌ಗೆ ಹತ್ತಿರದ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಹುಟ್ಟಿದ ಮರ ಅದರ ಮೂಲ. ಬೇಯಿಸಿ ತಿನ್ನುವ ಹುಳಿಸೇಬು. ಉಪ್ಪಿನಕಾಯಿಗೂ ಚೆನ್ನಾಗಿ ಒಗ್ಗುತ್ತದೆ. ಈ ಮರ ಕತ್ತರಿಸುವಾಗ ಎರಡು ಸಂಗತಿ ನೆನಪಿರಲಿ. ಕೆಲವು ಕಾಯಿ ಕೊಂಬೆಯ ತುದಿಯಲ್ಲೇ ಕಟ್ಟುತ್ತದೆ, ಎಲ್ಲ ತುದಿಗಳನ್ನೂ ಒಂದೇ ಸಮ ಕತ್ತರಿಸಿದರೆ ಆ ವರ್ಷ ಅಷ್ಟು ಫಸಲು ಹೋಯಿತು. ಇದರ ಪರಾಗ ಬೇರೆ ಮರಕ್ಕೆ ಉಪಯೋಗಕ್ಕೆ ಬಾರದು, ಆದ್ದರಿಂದ ಆಸುಪಾಸಿನಲ್ಲಿ ಇನ್ನೆರಡು ಜಾತಿಯ ಸೇಬು ಇದ್ದರೆ ಮಾತ್ರ ಎಲ್ಲಕ್ಕೂ ಕಾಯಿ. ಸೇಬು, ಪೇರ್ ಚಳಿಗಾಲದಲ್ಲಿ ಕತ್ತರಿಸುವಂಥವು. ಪ್ಲಮ್ ಮಾತ್ರ ಜೂನ್‌ನಿಂದ ಆಗಸ್ಟ್‌ವರೆಗೆ. ಚಳಿಗಾಲದಲ್ಲಿ ಪ್ಲಮ್‌ಗೆ ಗಾಯ ಮಾಡಿದರೆ ಬೆಳ್ಳಿಎಲೆ ರೋಗದ ಶಿಲೀಂಧ್ರ ಅಲ್ಲಿಂದಲೇ ಒಳಗೆ ಹೋಗುತ್ತದೆ. ಬಹಳ ವರ್ಷ ಕೈಬಿಟ್ಟ ಮರವನ್ನು ಕಂಡಾಗ ಉತ್ಸಾಹಕ್ಕೆ ಕಡಿವಾಣ ಬೇಕು: ಒಂದು ಚಳಿಗಾಲಕ್ಕೆ ಐದನೇ ಒಂದು ಪಾಲಿಗಿಂತ ಹೆಚ್ಚು ತೆಗೆದರೆ, ಮುಂದಿನ ವರ್ಷ ನೆಟ್ಟಗೆ ಮೇಲಕ್ಕೆದ್ದ ಕೋಲುಚಿಗುರುಗಳ ಕಾಡು, ಹಣ್ಣು ಒಂದೂ ಇಲ್ಲ. ಮೂರು ವರ್ಷ ಹಿಡಿಯುವ ಕೆಲಸವನ್ನು ಒಂದೇ ಶನಿವಾರ ಮುಗಿಸಲು ಬರುವುದಿಲ್ಲ.

ಇಂಗ್ಲೆಂಡಿನ ಪಾರಂಪರಿಕ ತೋಟಗಳಲ್ಲಿ ಜನ ಸೇರುವ ದಿನಗಳೂ ಈ ಬೆಳೆಗಳ ಸುತ್ತಲೇ. ಜನವರಿ ಫೆಬ್ರವರಿಯಲ್ಲಿ ಬೀಜ ಬದಲಾಯಿಸಿಕೊಳ್ಳುವುದು, ಬಿತ್ತನೆ ಆಲೂಗಡ್ಡೆ ಮಾರುವುದು. ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಲಾಟ್‌ಮೆಂಟ್ ವಾರ. ಸೆಪ್ಟೆಂಬರ್‌ನಲ್ಲಿ, ಸಾಮಾನ್ಯವಾಗಿ ಮುಚ್ಚಿರುವ ಹಳೆಯ ಜಾಗಗಳನ್ನೂ ಉಚಿತವಾಗಿ ತೆರೆಯುವ ಪರಂಪರೆ ದಿನಗಳು. ಅಕ್ಟೋಬರ್ 21ರ ಆಸುಪಾಸು ಸೇಬಿನ ದಿನ. ಒಂದನ್ನೇ ಆರಿಸಿಕೊಳ್ಳುವುದಾದರೆ ಸೇಬಿನ ದಿನ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಸೇಬು ಚೂರು ಮಾಡಿ, ಬಟ್ಟೆಯಲ್ಲಿ ಕಟ್ಟಿ, ಮರದ ಗಾಣದಂಥ ಒತ್ತುಯಂತ್ರದಲ್ಲಿ ಹಿಂಡಿದರೆ 10 ಕಿಲೋಗೆ 5ರಿಂದ 6 ಲೀಟರ್ ರಸ. ಮಕ್ಕಳು ಈ ಯಂತ್ರ ಬಿಟ್ಟು ಏಳುವುದಿಲ್ಲ. ಕೊಳೆತ ಭಾಗವಿರುವ ಹಣ್ಣು ಒಂದೂ ಸೇರಬಾರದು, ಅದರ ಬೂಷ್ಟಿನ ವಿಷ ಕಾಯಿಸಿದರೂ ಹೋಗುವುದಿಲ್ಲ. ಹಸಿರಸ ಫ್ರಿಜ್‌ನಲ್ಲಿ ಎರಡು ಮೂರು ದಿನ. ಇಟ್ಟುಕೊಳ್ಳಬೇಕೆಂದರೆ ಬಾಟಲಿ ಸಮೇತ ಬಿಸಿನೀರಿನಲ್ಲಿ 75 ಡಿಗ್ರಿಯಲ್ಲಿ 25ರಿಂದ 30 ನಿಮಿಷ.

ಗುಲಾಬಿಯ ಮಾತಿಲ್ಲದೆ ಸೇಂಟ್ ಆನ್ಸ್ ಪೂರ್ತಿಯಾಗದು. 1860ರ ಸುಮಾರಿಗೆ ಇಲ್ಲಿನ ಕಾರ್ಮಿಕರು ಈಸ್ಟರ್ ಸೋಮವಾರ ಗುಲಾಬಿ ಪ್ರದರ್ಶನ ಇಟ್ಟು, ತೀರ್ಪು ಕೊಡಲು ಪಾದ್ರಿ ಸ್ಯಾಮ್ಯುಯಲ್ ರೆನಾಲ್ಡ್ಸ್ ಹೋಲ್ ಅವರನ್ನು ಕರೆದರು. ಬಯಲಿನಲ್ಲಿ ಜೂನ್‌ಗೆ ಮುಂಚೆ ಗುಲಾಬಿ ಅರಳದ ದೇಶ. ಕರೆ ಬಂದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರಂತೆ. ಬಂದು ನೋಡಿದರೆ ಪುಟ್ಟ ಗಾಜಿನ ಮನೆಗಳಲ್ಲಿ ಬೆಳೆಸಿದ ಒಳ್ಳೊಳ್ಳೆಯ ಹೂಗಳು. ಕಡುಚಳಿಯ ರಾತ್ರಿ ತಮ್ಮ ಹಾಸಿಗೆಯ ಕಂಬಳಿಯನ್ನೇ ತಂದು ಗಿಡಕ್ಕೆ ಹೊದಿಸಿದ ಜನ ಅವರು. ಹೋಲ್ ಮುಂದೆ 1876ರಲ್ಲಿ ರಾಷ್ಟ್ರೀಯ ಗುಲಾಬಿ ಸಂಘದ ಮೊದಲ ಅಧ್ಯಕ್ಷರಾದರು. ಆ ಗಾಜಿನ ಮನೆಗಳ ಕಾಲದ ಒಡೆದ ಗಾಜು ಇಂಥ ತೋಟಗಳ ಮಣ್ಣಿನಲ್ಲಿ ಇಂದಿಗೂ ಸಿಗುತ್ತದೆ. ಬರಿಗೈಯಲ್ಲಿ ಕಳೆ ಕೀಳಬೇಡಿ, ಟೆಟನಸ್ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಂಡು ಹೋಗಿ. ಹಳೆಯ ಗುಡಿಸಲಿನ ಬೂದುಬಣ್ಣದ ಸುಕ್ಕು ಶೀಟು ಕಂಡರೆ ಕಲ್ನಾರು ಇರಬಹುದು; ಒಡೆಯದೆ, ಎಳೆಯದೆ ಮೇಲ್ವಿಚಾರಕರಿಗೆ ಹೇಳಿ.

ಇದೇ ಬಗೆಯ ಬೇರೆ ಜಾಗಗಳ ಜೊತೆ ಹೋಲಿಸಿದರೆ: ವಾರ್ವಿಕ್ ಪಟ್ಟಣದ ಹಿಲ್ ಕ್ಲೋಸ್ ತೋಟಗಳು ಇದೇ ಕಾಲದ, ಇದೇ ಬಗೆಯ ಬೇಲಿತೋಟಗಳು, ಇಟ್ಟಿಗೆಯ ಬೇಸಿಗೆಮನೆಗಳೂ ಇವೆ. ಬರೇ 16, ಸಾರ್ವಜನಿಕರಿಗೆ ತೆರೆದಿವೆ. ಹಿರಿಯರನ್ನು ಕರೆದುಕೊಂಡು ಒಂದು ಮಧ್ಯಾಹ್ನ ನೋಡಿ ಬರಲು ಅದೇ ಸರಿ. ಅಲ್ಲಿ ಪರಂಪರೆ ತೊಳೆದು ಇಟ್ಟ ಹಾಗಿದೆ. ಸೇಂಟ್ ಆನ್ಸ್‌ನಲ್ಲಿ ಜನ ಇವತ್ತಿಗೂ ಆಲೂಗಡ್ಡೆ ಬೆಳೆದು ತಿನ್ನುತ್ತಿದ್ದಾರೆ, ಆದ್ದರಿಂದ ಒಂದು ತೋಟ ಅಚ್ಚುಕಟ್ಟು, ಪಕ್ಕದ್ದು ಪೊದೆ. ಕೆಲಸ ಕಲಿಯುವವರಿಗೆ ಪೊದೆಯೇ ಮೇಲು.

ನಾಟಿಂಗ್‌ಹ್ಯಾಮ್ ಇರುವ ಮಧ್ಯ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನ ಕನ್ನಡ ಮನೆಗಳವರು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಅವರೆ ಬರುತ್ತದೆಯೇ? ನಾಟಿ ಅವರೆ ಬಳ್ಳಿ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ. ಹಗಲು ಚಿಕ್ಕದಾದ ಮೇಲೇ ಹೂ ಬಿಡುವ ಜಾತಿ ಅದು. ನಾಟಿಂಗ್‌ಹ್ಯಾಮ್‌ನಲ್ಲಿ ಜೂನ್‌ನ ಹಗಲು ಸುಮಾರು 17 ಗಂಟೆ. ಸೆಪ್ಟೆಂಬರ್ ಕೊನೆಗೆ 12 ಗಂಟೆಗಿಂತ ಕಡಿಮೆಯಾಗಿ ಮೊಗ್ಗು ಕಾಣುವ ಹೊತ್ತಿಗೆ ಹಿಮ ಬಂದು ಬಳ್ಳಿ ಕರಕಲು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಹಗಲಿನ ಉದ್ದಕ್ಕೆ ಕಾಯದ ತಳಿಗಳು. ಬೆಚ್ಚಗಿನ ಕಿಟಕಿಯಲ್ಲಿ ಏಪ್ರಿಲ್ ಕೊನೆಗೆ ಮೊಳಕೆ ಬರಿಸಿ, ಪ್ಲಾಸ್ಟಿಕ್ ಹೊದಿಕೆಯ ಸುರಂಗದಲ್ಲಿ ಬೆಳೆಸಿದರೆ ಕಾಯಿಯ ಆಸೆ ಇಟ್ಟುಕೊಳ್ಳಬಹುದು. ಊರಿನಿಂದ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಸೂಟ್‌ಕೇಸಿನಲ್ಲಿ ಹಾಗೇ ಹಾಕಿಕೊಂಡು ಬರುವಂತಿಲ್ಲ. ಮೆಂತ್ಯ, ಕೊತ್ತಂಬರಿಗೆ ಬಯಲೇ ಸಾಕು. ಕೊತ್ತಂಬರಿಯನ್ನು ಏಪ್ರಿಲ್‌ನಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ ಬಿತ್ತಿ; ನಡುಬೇಸಿಗೆಯಲ್ಲಿ ಬಿತ್ತಿದರೆ ಉದ್ದ ಹಗಲಿಗೆ ಬೇಗ ಹೂವಿಗೆ ಹೋಗುತ್ತದೆ. ಹುರುಳಿಕಾಯಿ ಮೇ ನಡುವಿನ ನಂತರ. ಹೀರೆ, ಪಡವಲಕ್ಕೆ ಸುರಂಗವಿಲ್ಲದೆ ಕೈಹಾಕಬೇಡಿ.

ಗೊಬ್ಬರದಲ್ಲಿ ಒಂದು ಮೋಸವಿದೆ. ಕುದುರೆಲಾಯದಿಂದ ಪುಕ್ಕಟೆ ಬರುವ ಗೊಬ್ಬರದಲ್ಲಿ ಹುಲ್ಲುಗಾವಲಿಗೆ ಸಿಂಪಡಿಸಿದ ಅಮಿನೋಪೈರಾಲಿಡ್ ಎಂಬ ಕಳೆನಾಶಕ ಉಳಿದಿರಬಹುದು. ಅದು ಕುದುರೆಯ ಹೊಟ್ಟೆಯನ್ನೂ ದಾಟಿ ಬಂದು ಟೊಮೇಟೊ, ಹುರುಳಿಕಾಯಿ, ಆಲೂಗಡ್ಡೆಯ ಎಲೆಯನ್ನು ಸುರುಳಿ ಮಾಡಿಬಿಡುತ್ತದೆ. ಎರಡು ಕುಂಡ ತೆಗೆದುಕೊಂಡು ಒಂದಕ್ಕೆ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದಕ್ಕೆ ಬರೀ ಮಣ್ಣು ಹಾಕಿ, ಎರಡರಲ್ಲೂ ಮೂರು ಮೂರು ಹುರುಳಿಕಾಯಿಯ ಬೀಜ ಬಿತ್ತಿ. ನಾಲ್ಕು ವಾರದಲ್ಲಿ ಗೊಬ್ಬರದ ಕುಂಡದ ಎಲೆ ಮಾತ್ರ ಮುದುಡಿದರೆ ಆ ರಾಶಿ ಪಾತಿಗೆ ಬೇಡ.

ಊರಿನಿಂದ ಮಕ್ಕಳ ಮನೆಗೆ ಬಂದ ತಂದೆತಾಯಿ ಸುಮ್ಮನೆ ಕೂರಲಾರದೆ ತೋಟಕ್ಕೆ ಬರಲು ಬಯಸುವುದುಂಟು, ಗುದ್ದಲಿ ಹಿಡಿದ ಕೈಗಳವರು ಬಂದರೆ ಗುಂಪಿಗೂ ಸಂತೋಷ. ಸಂದರ್ಶಕ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶವಿದೆ, ಮೂರು ಷರತ್ತಿನ ಮೇಲೆ: ಭೇಟಿಯ ಮುಖ್ಯ ಉದ್ದೇಶ ಅದಾಗಿರಬಾರದು, ಎಲ್ಲ ಸೇರಿ 30 ದಿನ ಮೀರಬಾರದು, ನೋಂದಾಯಿತ ಧರ್ಮಾರ್ಥ ಸಂಸ್ಥೆಯ ಕೆಲಸವಾಗಿರಬೇಕು. ಆದ್ದರಿಂದ ಯಾವ ಗುಂಪಿನ ಜೊತೆ ದುಡಿಯುತ್ತಾರೋ ಆ ಗುಂಪು ನೋಂದಾಯಿತವೇ ಎಂದು ಮೊದಲೇ ಕೇಳಿ, ಹೋದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಮೊದಲ ದಿನಕ್ಕೆ ಬೇಕಾದ ಸಾಮಾನು ಕಡಿಮೆ. ಮೊಣಕೈವರೆಗೆ ಬರುವ ಚರ್ಮದ ಕೈಗವಸು, ಏಕೆಂದರೆ ಹಾಥಾರ್ನ್ ಮುಳ್ಳು ಬೆರಳ ಕೀಲಿನ ಹತ್ತಿರ ಮುರಿದುಕೊಂಡರೆ ವಾರಗಟ್ಟಲೆ ಬಾವು, ಗಟ್ಟಿ ಅಟ್ಟೆಯ ಬೂಟು, ಮಳೆಯಂಗಿ, ಬುತ್ತಿ, ಬಿಸಿನೀರಿನ ಫ್ಲಾಸ್ಕ್. ಉಪಕರಣವನ್ನು ಸಾಮಾನ್ಯವಾಗಿ ಗುಂಪಿನವರೇ ಕೊಡುತ್ತಾರೆ. ಇನ್ನೊಂದು ವಸ್ತು ಯಾರೂ ತರಲು ಹೇಳುವುದಿಲ್ಲ, ತಂದರೆ ಒಳ್ಳೆಯದು: ಒರಟು ಬ್ರಷ್ಷು. ಕೋಸಿನ ಬೇರುಗಂಟು ರೋಗ ಮಣ್ಣಿನಲ್ಲಿ 20 ವರ್ಷದವರೆಗೆ ಬದುಕಬಲ್ಲದು, ಈರುಳ್ಳಿಯ ಬಿಳಿಕೊಳೆ 15 ವರ್ಷಕ್ಕೂ ಹೆಚ್ಚು. ಎರಡೂ ಒಂದು ತೋಟದಿಂದ ಇನ್ನೊಂದಕ್ಕೆ ದಾಟುವುದು ಹೆಚ್ಚಾಗಿ ಬೂಟಿಗೆ, ಸಲಿಕೆಗೆ ಮೆತ್ತಿದ ಕೆಸರಿನಲ್ಲಿ. ತೋಟದ ಬೇಲಿ ಅದನ್ನು ತಡೆಯುವುದಿಲ್ಲ. ಒಂದು ಬಾಗಿಲು ದಾಟಿ ಇನ್ನೊಂದಕ್ಕೆ ಹೋಗುವ ಮೊದಲು ಅಟ್ಟೆ, ಸಲಿಕೆ, ಕೈಗಾಡಿಯ ಚಕ್ರ ಮೂರನ್ನೂ ಕೆರೆದು, ಆ ಮಣ್ಣನ್ನು ಬಂದ ತೋಟದಲ್ಲೇ ಬಿಟ್ಟು ಹೊರಡಿ.